ಸ್ವಾತಿ ಒಂಟಿ ಎಂದು ಹೇಗೆ ಗೊತ್ತು?

ಪ್ರಶ್ನೆ: ನಮ್ಮದು ಪೆರ್ಲದ ಹತ್ತಿರ ಅಡಿಕೆ ತೋಟ. ಮಗಳು ಕನ್ನಡ ಮಾಧ್ಯಮದಲ್ಲಿ ಹತ್ತನೇ ಕ್ಲಾಸು. ಸ್ವಾತಿ ಎಂದರೆ ನಮಗೆ ಮಳೆಯ ಹೆಸರು. ಆದರೆ ಅದು ‘ಒಂಟಿ ಕೆಂಪು ದೈತ್ಯ’ ಎಂದು ಅವಳು ಎಲ್ಲೋ ಓದಿ ಬಂದಿದ್ದಾಳೆ. ಅಂಗಳದಲ್ಲಿ ನಿಂತು ನೋಡಿದರೆ ಕೆಂಪಗೂ ಇಲ್ಲ, ದೈತ್ಯನ ಹಾಗೂ ಇಲ್ಲ. ಅಷ್ಟು ದೂರದ ನಕ್ಷತ್ರ ಒಂಟಿಯೋ ಜೋಡಿಯೋ ಎಂದು ಹೇಗೆ ಹೇಳುತ್ತಾರೆ? ಒಂಟಿಯಾದರೆ ಅದಕ್ಕೇನು ವ್ಯತ್ಯಾಸ? ನಮ್ಮ ಸೂರ್ಯನೂ ಮುಂದೆ ಹಾಗೇ ಆಗುತ್ತಾನಾ?

ಉತ್ತರ: ನಿಮ್ಮ ಮಗಳು ಓದಿದ್ದು ಸರಿ. ನೀವು ಅಂಗಳದಿಂದ ಕಂಡದ್ದೂ ಸರಿ. ಸ್ವಾತಿಯ ಬಣ್ಣ ಕೆಂಪಲ್ಲ, ಹಣ್ಣಡಿಕೆಯ ಬಣ್ಣ. ‘ಕೆಂಪು’ ಎನ್ನುವುದು ಸೂರ್ಯನಿಗೆ ಹೋಲಿಸಿ ಇಟ್ಟ ಹೆಸರು. ದೈತ್ಯ ಎನ್ನುವುದು ಮಾತ್ರ ಅಕ್ಷರಶಃ ನಿಜ. ಸೂರ್ಯನಂಥ 25 ಗೋಲಗಳನ್ನು ಸಾಲಾಗಿ ಇಟ್ಟರೆ ಎಷ್ಟು ಉದ್ದವೋ ಸ್ವಾತಿ ಅಷ್ಟು ಅಗಲ. ಇನ್ನು ‘ಒಂಟಿ’. ನಿಮ್ಮ ಪ್ರಶ್ನೆಯಲ್ಲಿ ನನಗೆ ತುಂಬ ಹಿಡಿಸಿದ್ದು ಅದೇ. ಕೆಂಪು ದೈತ್ಯದ ಬಗ್ಗೆ ಹೇಳುವವರು ಹೆಚ್ಚಾಗಿ ಆ ಮಾತನ್ನು ದಾಟಿ ಹೋಗುತ್ತಾರೆ. ಹಾಗಾಗಿ ಉಳಿದದ್ದನ್ನು ಬೇಗ ಹೇಳಿ ಅಲ್ಲಿಗೆ ಬರುತ್ತೇನೆ.

ಮೊದಲು, ದೈತ್ಯ ಆಗುವುದು ಹೇಗೆ ಎಂದು ನೋಡೋಣ.

ಸೂರ್ಯನ ನಡುವಿನ ತಿರುಳಿನಲ್ಲಿ ಹೈಡ್ರೋಜನ್ ಬೆಸೆದು ಹೀಲಿಯಂ ಆಗುತ್ತಿದೆ. ಒಂದು ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಹೈಡ್ರೋಜನ್ ಹೀಗೆ ಖರ್ಚಾಗುತ್ತದೆ. ಆದರೂ ದಾಸ್ತಾನು ಎಷ್ಟು ದೊಡ್ಡದೆಂದರೆ ಸುಮಾರು ಸಾವಿರ ಕೋಟಿ ವರ್ಷಕ್ಕೆ ಸಾಕು. ಸೂರ್ಯನಿಗೆ ಈಗ 460 ಕೋಟಿ ವರ್ಷ. ಸ್ವಾತಿಯ ತೂಕ ಸೂರ್ಯನಿಗಿಂತ ಚೂರು ಜಾಸ್ತಿ, ಸುಮಾರು 1.08 ಪಟ್ಟು. ವಯಸ್ಸು ಸುಮಾರು 700 ಕೋಟಿ ವರ್ಷ. ತೂಕ ಚೂರು ಜಾಸ್ತಿಯಾದರೂ ಇಂಧನ ಬೇಗ ಮುಗಿಯುತ್ತದೆ. ಸ್ವಾತಿಯ ತಿರುಳಿನಲ್ಲಿ ಹೈಡ್ರೋಜನ್ ಮುಗಿದುಹೋಗಿದೆ. ಅಲ್ಲಿ ಉಳಿದಿರುವುದು ಹೀಲಿಯಂ, ಅಂದರೆ ಆ ಒಲೆಯ ಬೂದಿ.

ನಮ್ಮ ಮುರಕಲ್ಲಿನ ಗುಡ್ಡಗಳಿಗೆ ಬೇಸಗೆಯಲ್ಲಿ ಬೆಂಕಿ ಬೀಳುವುದನ್ನು ನೀವು ಕಂಡಿರುತ್ತೀರಿ. ಮುಳಿಹುಲ್ಲಿನ ನಡುವೆ ಒಂದು ಕಡೆ ಹೊತ್ತಿಕೊಂಡರೆ ಸ್ವಲ್ಪ ಹೊತ್ತಿಗೆ ನಡುವೆ ಬರೀ ಕರಿ. ಸುತ್ತ ಉಂಗುರದ ಹಾಗೆ ಬೆಂಕಿ. ಉಂಗುರ ಹೊರಕ್ಕೆ ಹೊರಕ್ಕೆ ಸರಿಯುತ್ತದೆ. ಸ್ವಾತಿಯ ಒಳಗೆ ನಡೆಯುತ್ತಿರುವುದು ಇದೇ. ತಿರುಳು ಆರಿದೆ. ಅದರ ಸುತ್ತಿನ ತೆಳು ಪದರದಲ್ಲಿ ಹೈಡ್ರೋಜನ್ ಉರಿಯುತ್ತಿದೆ. ಒಂದು ವ್ಯತ್ಯಾಸ ಮಾತ್ರ ಇದೆ. ಗುಡ್ಡದ ಕರಿ ಸುಮ್ಮನೆ ಬಿದ್ದಿರುತ್ತದೆ. ನಕ್ಷತ್ರದ ಬೂದಿ ಸುಮ್ಮನಿರುವುದಿಲ್ಲ. ಉರಿ ಇಲ್ಲದ ಕಾರಣ ತನ್ನ ತೂಕಕ್ಕೆ ತಾನೇ ಕುಗ್ಗುತ್ತದೆ. ಕುಗ್ಗಿದಷ್ಟೂ ಬಿಸಿಯಾಗುತ್ತದೆ. ಆ ಬಿಸಿಗೆ ಸುತ್ತಿನ ಪದರ ಇನ್ನಷ್ಟು ಜೋರಾಗಿ ಉರಿಯುತ್ತದೆ. ಹುಟ್ಟಿದ ಶಾಖ ಅಷ್ಟೇ ಬೇಗ ಹೊರಗೆ ದಾಟಲಾರದು. ಹಾಗಾಗಿ ಹೊರಮೈ ಹಿಗ್ಗುತ್ತದೆ. ಒಳಗಿನದು ಕುಗ್ಗುತ್ತಾ ಹೋದ ಹಾಗೆ ಹೊರಗಿನದು ಉಬ್ಬುತ್ತಾ ಹೋಗುತ್ತದೆ.

ತಿರುಳು ಎಷ್ಟು ಭಾರ ತಡೆಯಬಲ್ಲದು ಎಂಬ ಲೆಕ್ಕವನ್ನು 1942ರಲ್ಲಿ ಮಾಡಿದ ಇಬ್ಬರಲ್ಲಿ ಒಬ್ಬರು ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್. ಇನ್ನೊಬ್ಬರು ಬ್ರೆಜಿಲ್‌ನ ಮಾರಿಯೋ ಶೆನ್‌ಬರ್ಗ್. ಆರಿದ ತಿರುಳು ಇಡೀ ನಕ್ಷತ್ರದ ತೂಕದ ಸುಮಾರು ಹತ್ತನೇ ಒಂದು ಪಾಲು ಮೀರಿದರೆ ಬರೀ ಅನಿಲದ ಒತ್ತಡ ಸಾಲುವುದಿಲ್ಲ ಎಂದು ಅವರು ತೋರಿಸಿದರು. ಸೂರ್ಯ, ಸ್ವಾತಿಯಂಥ ಹಗುರ ನಕ್ಷತ್ರಗಳಲ್ಲಿ ತಿರುಳು ಪೂರ್ತಿ ಕುಸಿಯುವುದಿಲ್ಲ. ಎಲೆಕ್ಟ್ರಾನ್‌ಗಳು ಇನ್ನು ಒತ್ತಲಾರದಷ್ಟು ಒತ್ತಾಗಿ ಕೂತು ಅದನ್ನು ಹಿಡಿದು ನಿಲ್ಲಿಸುತ್ತವೆ.

ಗಾತ್ರ ಮನಸ್ಸಿಗೆ ಬರಬೇಕಾದರೆ ಹೀಗೆ ಯೋಚಿಸಿ. ಸ್ವಾತಿಯನ್ನು 25 ಮೀಟರ್ ಅಗಲದ ಕೆರೆ ಎಂದುಕೊಳ್ಳಿ. ಅದರ ತಿರುಳು ಕೆರೆಯ ನಡುವಿನ ಒಂದು ಅಡಿಕೆಯಷ್ಟು. ಒಟ್ಟು ತೂಕದ ಕಾಲು ಭಾಗದಷ್ಟು ಆ ಅಡಿಕೆಯೊಳಗೇ ಇದೆ! ಉಳಿದ ತೂಕ ಅಷ್ಟು ದೊಡ್ಡ ಜಾಗದಲ್ಲಿ ಹರಡಿದೆ. ಹಾಗಾಗಿ ಸ್ವಾತಿಯ ಸರಾಸರಿ ಸಾಂದ್ರತೆ ನಾವು ಉಸಿರಾಡುವ ಗಾಳಿಯ ಹನ್ನೆರಡನೇ ಒಂದು ಪಾಲಿನಷ್ಟು ಮಾತ್ರ. ‘ದೈತ್ಯ’ ಎಂದ ಕೂಡಲೇ ಗಟ್ಟಿ ಮೈಯ ರಾಕ್ಷಸ ಕಣ್ಣ ಮುಂದೆ ಬರುತ್ತಾನೆ. ನಿಜದಲ್ಲಿ ಅದರ ಬಹುಪಾಲು ಹೊಗೆಗಿಂತ ತೆಳು. ಹೊರಮೈಯಲ್ಲಿ ಸೆಳೆತವೂ ಕಡಿಮೆ. ಭೂಮಿಯಲ್ಲಿ 60 ಕಿಲೋ ತೂಗುವವರು ಅಲ್ಲಿ ಮೂರು ಕಿಲೋದ ಒಳಗೆ ತೂಗುತ್ತಾರೆ. ಅಷ್ಟು ಸಡಿಲ ಹಿಡಿತ ಇರುವುದರಿಂದಲೇ ಕೆಂಪು ದೈತ್ಯಗಳು ತಮ್ಮ ಅನಿಲವನ್ನು ನಿಧಾನವಾದ ಗಾಳಿಯಾಗಿ ಹೊರಗೆ ಬಿಡುತ್ತಾ ಇರುತ್ತವೆ. ಸೂರ್ಯ ಬಿಡುವುದಕ್ಕಿಂತ ಸಾವಿರಾರು ಪಟ್ಟು ಜಾಸ್ತಿ.

ಬಣ್ಣದ ವಿಷಯ. ಸ್ವಾತಿಯ ಒಟ್ಟು ಶಕ್ತಿ ಸೂರ್ಯನ 170ರಿಂದ 200 ಪಟ್ಟು. ಆದರೆ ಅದರ ಮೈ ಸೂರ್ಯನ ಮೈಗಿಂತ 600 ಪಟ್ಟಿಗೂ ಹೆಚ್ಚು ವಿಸ್ತಾರ. ಹಂಚಿ ಹೋದರೆ ಒಂದೊಂದು ಚದರ ಮೀಟರಿಗೆ ಸಿಗುವುದು ಸೂರ್ಯನ ಮೂರನೇ ಒಂದು ಪಾಲಿಗಿಂತ ಕಡಿಮೆ. ಅದಕ್ಕೇ ಮೇಲ್ಮೈ ತಂಪು, ಸುಮಾರು 4,000 ಡಿಗ್ರಿ ಸೆಲ್ಸಿಯಸ್. ಸೂರ್ಯನದು 5,500. ಕುಲುಮೆಯಲ್ಲಿ ಕಾದ ಕಬ್ಬಿಣ ಮೊದಲು ಕೆಂಪು, ಆಮೇಲೆ ಕಿತ್ತಳೆ, ಆಮೇಲೆ ಬಿಳಿಗೆ ತಿರುಗುತ್ತದಲ್ವಾ? ನಕ್ಷತ್ರದ ಬಣ್ಣಕ್ಕೂ ಅದೇ ನಿಯಮ. ಹಳೆಯ ತಂತಿ ಬಲ್ಬಿನ ತಂತಿ ಸ್ವಾತಿಗಿಂತ ತಂಪು, ಸುಮಾರು 2,500 ಡಿಗ್ರಿ. ಅದನ್ನೂ ನಾವು ಕೆಂಪು ಎನ್ನುವುದಿಲ್ಲ. ಹೀಗಿರುವಾಗ ಸ್ವಾತಿ ಕಿತ್ತಳೆಯಾಗಿ ಕಂಡರೆ ನಿಮ್ಮ ಕಣ್ಣಿನ ತಪ್ಪಲ್ಲ.

ಇಲ್ಲಿ ಒಂದು ಸೊಗಸಾದ ಸಂಗತಿ ಇದೆ. ಹಿಗ್ಗುತ್ತಾ ಹೋದರೆ ತಂಪಾಗುತ್ತಲೇ ಹೋಗಬೇಕಲ್ಲ? ಹೋಗುವುದಿಲ್ಲ. ಜಪಾನಿನ ಚುಶಿರೋ ಹಯಾಶಿ 1961ರಲ್ಲಿ ಇದಕ್ಕೆ ಒಂದು ಗಡಿ ಇದೆ ಎಂದು ತೋರಿಸಿದರು. ಆ ಗಡಿಗಿಂತ ತಂಪಾಗಿ ನಕ್ಷತ್ರ ಸ್ಥಿರವಾಗಿ ನಿಲ್ಲಲಾರದು. ಅಲ್ಲಿಗೆ ಮುಟ್ಟಿದ ಮೇಲೆ ದೈತ್ಯ ಗಾತ್ರದಲ್ಲೂ ಬೆಳಕಿನಲ್ಲೂ ಏರುತ್ತದೆ, ಬಣ್ಣದಲ್ಲಿ ಮಾತ್ರ ಅಷ್ಟಾಗಿ ಬದಲಾಗುವುದಿಲ್ಲ. ಆಕಾಶದ ಕೆಂಪು ದೈತ್ಯಗಳೆಲ್ಲ ಒಂದೇ ಕುಟುಂಬದ ಮಕ್ಕಳ ಹಾಗೆ ಕಾಣುವುದು ಇದರಿಂದ.

ಇನ್ನು ಒಂಟಿತನ.

ಸೂರ್ಯನಂಥ ನಕ್ಷತ್ರಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟಕ್ಕೆ ಜೊತೆಗಾರ ಇದೆ. ಎರಡು, ಕೆಲವೊಮ್ಮೆ ಮೂರು ನಕ್ಷತ್ರಗಳು ಒಂದನ್ನೊಂದು ಸುತ್ತುತ್ತಿರುತ್ತವೆ. ನಮ್ಮ ಕಣ್ಣಿಗೆ ಎಲ್ಲ ಸೇರಿ ಒಂದೇ ಚುಕ್ಕಿ. ಬಿಡಿಸಿ ಹೇಳುವುದು ಹೇಗೆ?

ಮುಖ್ಯ ಉಪಾಯ ಬೆಳಕಿನ ರೋಹಿತ. ನಕ್ಷತ್ರದ ಬೆಳಕನ್ನು ಬಣ್ಣಗಳಾಗಿ ಹರಡಿದರೆ ನಡುನಡುವೆ ಕಪ್ಪು ಗೆರೆಗಳು ಕಾಣುತ್ತವೆ. ನಕ್ಷತ್ರ ನಮ್ಮ ಕಡೆ ಬಂದರೆ ಗೆರೆಗಳು ನೀಲಿಯ ಕಡೆಗೂ ದೂರ ಹೋದರೆ ಕೆಂಪಿನ ಕಡೆಗೂ ಸರಿಯುತ್ತವೆ. ಬಸ್ಸು ಹಾರನ್ ಹಾಕುತ್ತಾ ನಮ್ಮನ್ನು ದಾಟಿದಾಗ ಸ್ವರ ಇಳಿಯುವ ಹಾಗೆ. ಜೊತೆಗಾರ ಇದ್ದರೆ ನಕ್ಷತ್ರ ಒಮ್ಮೆ ಈಚೆ, ಒಮ್ಮೆ ಆಚೆ ಓಲಾಡಲೇಬೇಕು. ಗೆರೆಗಳೂ ಅದೇ ತಾಳಕ್ಕೆ ಓಲಾಡುತ್ತವೆ. ಚಿತ್ತಾ ನಕ್ಷತ್ರ ಕಣ್ಣಿಗೆ ಒಂದೇ. ಆದರೆ 1890ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್ ಅದರ ಗೆರೆಗಳು ನಾಲ್ಕು ದಿನಕ್ಕೊಮ್ಮೆ ಓಲಾಡುವುದನ್ನು ಕಂಡರು. ಚಿತ್ತೆ ಎರಡು ನಕ್ಷತ್ರ! ನಮ್ಮ ಮಳೆಗಾಲದ ಲೆಕ್ಕದಲ್ಲಿ ಚಿತ್ತೆ ಆದ ಮೇಲೆ ಸ್ವಾತಿ. ಆಕಾಶದಲ್ಲೂ ಅಕ್ಕಪಕ್ಕ. ಒಂದು ಜೋಡಿ, ಒಂದು ಒಂಟಿ. ಈ ಹೊಂದಿಕೆ ನನಗೆ ಇವತ್ತಿಗೂ ಖುಷಿ ಕೊಡುತ್ತದೆ.

ಸ್ವಾತಿಯ ಗೆರೆಗಳಲ್ಲಿ ಅಂಥ ದೊಡ್ಡ ಓಲಾಟ ಇಲ್ಲ. ಆದರೆ ಕೆಲಸ ಇಷ್ಟು ಸುಲಭವಾಗಿ ಮುಗಿಯುವುದಿಲ್ಲ. ಕೆಂಪು ದೈತ್ಯದ ಮೈಯೇ ಸದಾ ಅಲುಗಾಡುತ್ತಿರುತ್ತದೆ. ಕುದಿಯುವ ಗಂಜಿಯ ಹಾಗೆ ಒಳಗಿನ ಬಿಸಿ ಅನಿಲ ಮೇಲೆ ಬರುತ್ತದೆ, ತಂಪಾಗಿ ಇಳಿಯುತ್ತದೆ. ಇಡೀ ಗೋಲ ಉಸಿರಾಡಿದ ಹಾಗೆ ಕಂಪಿಸುತ್ತದೆ. ಸ್ವಾತಿಯಲ್ಲಿ ಈ ಕಂಪನಕ್ಕೆ ಕೆಲವು ದಿನಗಳ ಅವಧಿ. ಜೊತೆಗಾರ ಎಳೆದದ್ದು ಯಾವುದು, ಮೈಯ ಕಂಪನ ಯಾವುದು ಎಂದು ಬೇರೆ ಮಾಡಬೇಕು. ದೈತ್ಯಗಳ ಸುತ್ತ ಗ್ರಹ ಹುಡುಕುವವರಿಗೆ ಇದೇ ದೊಡ್ಡ ತೊಡಕು. ರೋಹಿಣಿಯೂ ಒಂದು ಕೆಂಪು ದೈತ್ಯ. ಅದಕ್ಕೆ ಗ್ರಹ ಇದೆ ಎಂದು 2015ರಲ್ಲಿ ಪ್ರಕಟವಾಯಿತು. ಮುಂದೆ ಹೊಸ ಅಳತೆಗಳು ಬಂದಾಗ ಅದರ ಬಗ್ಗೆ ಅನುಮಾನ ಎದ್ದಿತು.

ಎರಡನೆಯ ಉಪಾಯ ನಕ್ಷತ್ರದ ನಡಿಗೆ ನೋಡುವುದು. ನಕ್ಷತ್ರಗಳು ನಿಂತಲ್ಲೇ ನಿಂತಿಲ್ಲ ಎಂದು ಮೊದಲು ಕಂಡವರು ಎಡ್ಮಂಡ್ ಹ್ಯಾಲಿ, 1718ರಲ್ಲಿ. ಹಳೆಯ ಗ್ರೀಕರು ಬರೆದಿಟ್ಟ ಜಾಗಕ್ಕೂ ತಮ್ಮ ಕಾಲದ ಜಾಗಕ್ಕೂ ಹೋಲಿಸಿದಾಗ ಕೆಲವು ನಕ್ಷತ್ರಗಳು ಸರಿದದ್ದು ಅವರಿಗೆ ಕಂಡಿತು. ಅವುಗಳಲ್ಲಿ ಸ್ವಾತಿಯೂ ಒಂದು. ಅದು ಸೂರ್ಯನಿಗೆ ಹೋಲಿಸಿದರೆ ಸೆಕೆಂಡಿಗೆ ಸುಮಾರು 122 ಕಿ.ಮೀ. ವೇಗದಲ್ಲಿ ಸಾಗುತ್ತಿದೆ. ಎಂಟುನೂರು ವರ್ಷದಲ್ಲಿ ಆಕಾಶದಲ್ಲಿ ಒಂದು ಚಂದ್ರನ ಅಗಲದಷ್ಟು ಸರಿಯುತ್ತದೆ. ಒಂಟಿ ನಕ್ಷತ್ರ ನೇರ ಗೆರೆಯಲ್ಲಿ ಹೋಗುತ್ತದೆ. ಜೊತೆಗಾರ ಇದ್ದರೆ ದಾರಿ ಹಾವಿನ ಹಾಗೆ ಡೊಂಕಾಗುತ್ತದೆ. 1989ರಲ್ಲಿ ಹಾರಿಸಿದ ಹಿಪ್ಪಾರ್ಕಸ್ ಉಪಗ್ರಹದ ಅಳತೆಗಳಲ್ಲಿ ಸ್ವಾತಿಗೆ ಹತ್ತಿರದಲ್ಲೇ ಒಂದು ಜೊತೆಗಾರ ಇರಬಹುದು ಎಂಬ ಸುಳಿವು ಬಂದಿತ್ತು. ಅದನ್ನು ಹುಡುಕಿದರು. ಸಿಗಲಿಲ್ಲ. ಹಾಗಾಗಿ ಸ್ವಾತಿ ಒಂಟಿ ಎಂದರೆ, ಹುಡುಕಿ ನೋಡಿ ಹೇಳಿದ ಮಾತು.

ಒಂಟಿಯಾದರೆ ವ್ಯತ್ಯಾಸ ಏನು ಎಂದು ಕೇಳಿದ್ದೀರಿ. ತುಂಬಾ ಇದೆ. ಚಿಕ್ಕವರಾಗಿದ್ದಾಗ ಜೋಡಿಗಳು ಒಬ್ಬರ ಗೋಜಿಗೆ ಒಬ್ಬರು ಹೋಗದೆ ಸುತ್ತುತ್ತಿರಬಹುದು. ಒಂದು ಹಿಗ್ಗಿ ದೈತ್ಯವಾದಾಗ ತೊಂದರೆ ಶುರು. ಅದರ ಸಡಿಲ ಹೊರಮೈ ಜೊತೆಗಾರನ ಸೆಳೆತಕ್ಕೆ ಸಿಗುತ್ತದೆ. ಉತ್ತರ ಕಿರೀಟ ಎಂಬ ಪುಟ್ಟ ನಕ್ಷತ್ರಪುಂಜ ಸ್ವಾತಿಯ ಪಕ್ಕದಲ್ಲೇ ಇದೆ. ಅದರಲ್ಲಿ ಒಂದು ಕೆಂಪು ದೈತ್ಯ ಇದೆ. ಅದರ ಜೊತೆಗೆ ಒಂದು ಬಿಳಿ ಕುಬ್ಜ. ಸತ್ತ ನಕ್ಷತ್ರದ ಉಳಿದ ತಿರುಳಿಗೆ ಬಿಳಿ ಕುಬ್ಜ ಎನ್ನುತ್ತಾರೆ. ಅವೆರಡೂ 227 ದಿನಕ್ಕೊಮ್ಮೆ ಪರಸ್ಪರ ಸುತ್ತುತ್ತವೆ. ಕುಬ್ಜ ದೈತ್ಯದ ಅನಿಲವನ್ನು ಎಳೆದು ತನ್ನ ಮೈಮೇಲೆ ಹೇರಿಕೊಳ್ಳುತ್ತದೆ. ಹೇರಿದ್ದು ಮಿತಿ ಮೀರಿದಾಗ ಸ್ಫೋಟ. 1866ರಲ್ಲಿ ಒಮ್ಮೆ, 1946ರಲ್ಲಿ ಮತ್ತೊಮ್ಮೆ ಅದು ಬರಿಗಣ್ಣಿಗೆ ಕಾಣುವಷ್ಟು ಬೆಳಗಿತ್ತು. ಉಳಿದ ಕಾಲದಲ್ಲಿ ದುರ್ಬೀನು ಬೇಕು. ಅಲ್ಲಿನ ದೈತ್ಯದ ಬದುಕು ಪಕ್ಕದವನ ಕೈಯಲ್ಲಿದೆ.

ಒಂಟಿ ದೈತ್ಯಕ್ಕೆ ಈ ಕಾಟ ಇಲ್ಲ. ಎಷ್ಟು ಹಿಗ್ಗಬೇಕು, ಎಷ್ಟು ಬೆಳಗಬೇಕು, ಎಷ್ಟು ವರ್ಷ ಇರಬೇಕು ಎಂಬುದನ್ನೆಲ್ಲ ಅದು ಹುಟ್ಟಿದಾಗಿನ ತೂಕ ಮತ್ತು ಅದು ಯಾವ ಧಾತುಗಳಿಂದ ಆಗಿದೆ ಎಂಬುದೇ ತೀರ್ಮಾನಿಸುತ್ತದೆ. ಹೊರಗಿನ ಕೈ ಸೋಕಿಲ್ಲ. ಸೂರ್ಯನೂ ಒಂಟಿ. ಹಾಗಾಗಿ ಸೂರ್ಯನ ಮುಂದಿನ ದಿನಗಳನ್ನು ತಿಳಿಯಬೇಕಾದರೆ ಒಂಟಿ ದೈತ್ಯಗಳನ್ನೇ ನೋಡಬೇಕು. ಜೋಡಿಗಳಲ್ಲಿ ಯಾವುದು ಅದರ ಸ್ವಂತ ಗುಣ, ಯಾವುದು ಜೊತೆಗಾರನಿಂದ ಬಂದದ್ದು ಎಂದು ಬಿಡಿಸುವುದು ಕಷ್ಟ.

ತಿರುಗುವ ವೇಗವನ್ನೇ ತೆಗೆದುಕೊಳ್ಳಿ. ತೆಂಕುತಿಟ್ಟಿನ ಯಕ್ಷಗಾನ ಆಟದಲ್ಲಿ ಧಿಗಿಣ ಹಾಕುವ, ಅಂದರೆ ಗಿರಗಿರನೆ ಸುತ್ತಿ ಕುಣಿಯುವ, ಪುಂಡುವೇಷವನ್ನು ನೆನಪಿಸಿಕೊಳ್ಳಿ. ಸುತ್ತುವಾಗ ಕೈ ಒಳಗೆಳೆದುಕೊಂಡರೆ ವೇಗ ಏರುತ್ತದೆ, ಚಾಚಿದರೆ ಇಳಿಯುತ್ತದೆ. ಹಿಗ್ಗಿದ ನಕ್ಷತ್ರ ಕೈ ಚಾಚಿದ ಹಾಗೆ. ಸೂರ್ಯ ಸುಮಾರು 25 ದಿನಕ್ಕೆ ಒಂದು ಸುತ್ತು ತಿರುಗುತ್ತಾನೆ. ಸ್ವಾತಿಗೆ ಸುಮಾರು ಎರಡು ವರ್ಷ ಬೇಕು. ಒಂಟಿ ಕೆಂಪು ದೈತ್ಯದ ಮುಖ್ಯ ಲಕ್ಷಣ ಈ ನಿಧಾನ. ಹತ್ತಿರದಲ್ಲಿ ಜೊತೆಗಾರ ಇದ್ದರೆ ಅದರ ಸೆಳೆತ ದೈತ್ಯವನ್ನು ತನ್ನ ಸುತ್ತಿನ ವೇಗಕ್ಕೇ ತಿರುಗಿಸುತ್ತದೆ. ಆಗ ಮೈತುಂಬ ದೊಡ್ಡ ಕಲೆಗಳು, ಜೋರಾದ ಎಕ್ಸ್ ಕಿರಣ. ಸ್ವಾತಿಯಿಂದ ಬರುವ ಎಕ್ಸ್ ಕಿರಣವೋ ತೀರಾ ಕ್ಷೀಣ. ಚಂದ್ರ ಎಂಬ ಬಾಹ್ಯಾಕಾಶ ದೂರದರ್ಶಕದಂಥ ಸೂಕ್ಷ್ಮ ಉಪಕರಣಕ್ಕೂ ಬೆರಳೆಣಿಕೆಯಷ್ಟು ಕಣಗಳೇ ಸಿಕ್ಕಿದ್ದು. ಆ ದೂರದರ್ಶಕಕ್ಕೆ ಹೆಸರು ಬಂದದ್ದು ಮೇಲೆ ಹೇಳಿದ ಚಂದ್ರಶೇಖರ್ ಅವರಿಂದಲೇ.

ಒಂಟಿಯಾಗಿ ಕಂಡೂ ವೇಗವಾಗಿ ತಿರುಗುವ ದೈತ್ಯಗಳು ಕೆಲವು ಇವೆ. ನೂರರಲ್ಲಿ ಒಂದೆರಡು. ಅವು ತಮ್ಮ ಜೊತೆಗಾರನನ್ನೋ ದೊಡ್ಡ ಗ್ರಹವನ್ನೋ ನುಂಗಿರಬಹುದು ಎಂಬ ಅನುಮಾನ ಇದೆ. ಅಂದರೆ ಈಗ ಒಂಟಿ ಎಂದ ಮಾತ್ರಕ್ಕೆ ಮೊದಲಿನಿಂದಲೂ ಒಂಟಿ ಎಂದಲ್ಲ.

ಇನ್ನೊಂದು ಲಕ್ಷಣ ಮೈಯ ರಸಾಯನ. ಹಿಗ್ಗುವಾಗ ಹೊರಗಿನ ಅನಿಲ ಆಳಕ್ಕೆ ಇಳಿದು ಅಲ್ಲಿ ಬೆಂದದ್ದನ್ನು ಕಲಕಿ ಮೇಲೆ ತರುತ್ತದೆ. ಪಾತ್ರೆಯ ತಳದ ಗಸಿ ಸೌಟಿಗೆ ಬಂದ ಹಾಗೆ. ಸೂರ್ಯನಲ್ಲಿ ಪರಮಾಣು ತೂಕ 13 ಇರುವ ಇಂಗಾಲದ ಒಂದು ಪರಮಾಣುವಿಗೆ ತೂಕ 12 ಇರುವ ಇಂಗಾಲದ ಸುಮಾರು 90 ಪರಮಾಣುಗಳಿವೆ. ಸ್ವಾತಿಯಲ್ಲಿ ಸುಮಾರು 7 ಮಾತ್ರ. ಒಳಗಿನ ಒಲೆಯ ಗುರುತು ಹೀಗೆ ಮುಖದ ಮೇಲೇ ಬರೆದಿರುತ್ತದೆ. ಲೀಥಿಯಂ ಕತೆ ಇನ್ನೂ ಚೆನ್ನಾಗಿದೆ. ಅದು ಬೇಗ ಬೆಂದು ನಾಶವಾಗುವ ಧಾತು. ಆದ್ದರಿಂದ ಕಲಕಿದ ದೈತ್ಯದಲ್ಲಿ ಅದು ತೀರಾ ಕಡಿಮೆ ಇರಬೇಕು. ಸ್ವಾತಿಯಲ್ಲಿ ಹಾಗೇ ಇದೆ. ಆದರೆ 2020ರಲ್ಲಿ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ವಿಜ್ಞಾನಿಗಳು ಜೊತೆಗಾರರೊಂದಿಗೆ ಒಂದು ಹೊಸ ವಿಷಯ ಪ್ರಕಟಿಸಿದರು. ತಿರುಳಿನಲ್ಲಿ ಹೀಲಿಯಂ ಉರಿಯಲು ಶುರುವಾದ ಸೂರ್ಯನಂಥ ದೈತ್ಯಗಳಲ್ಲಿ ಲೀಥಿಯಂ ಮತ್ತೆ ಜಾಸ್ತಿ ಕಾಣುತ್ತದೆ. ಅಂದರೆ ನಡುವೆ ಎಲ್ಲೋ ಹೊಸದಾಗಿ ಹುಟ್ಟುತ್ತಿದೆ. ನಮ್ಮ ಮಕ್ಕಳು ಓದಬೇಕಾದ ಸುದ್ದಿ ಇಂಥವು. ಸ್ವಾತಿ, ಚಿತ್ತೆ ಎಂದು ಮಳೆಯ ಲೆಕ್ಕ ಇಟ್ಟ ನಾಡಿನವರಿಗೆ ಇದು ದೂರದ ವಿಷಯ ಆಗಬಾರದು.

ಒಂಟಿ ಎನ್ನುವುದರಿಂದ ವಿಜ್ಞಾನಿಗಳಿಗೆ ಒಂದು ಕಷ್ಟವೂ ಇದೆ. ಜೋಡಿ ನಕ್ಷತ್ರಗಳನ್ನು ತೂಗುವುದು ಸುಲಭ. ಎಷ್ಟು ದೂರದಲ್ಲಿ, ಎಷ್ಟು ದಿನಕ್ಕೆ ಸುತ್ತುತ್ತವೆ ಎಂದು ಗೊತ್ತಾದರೆ ತೂಕದ ಲೆಕ್ಕ ಸಿಗುತ್ತದೆ. ಜೊತೆಗಾರನೇ ತಕ್ಕಡಿ. ಒಂಟಿಗೆ ಆ ತಕ್ಕಡಿ ಇಲ್ಲ. ಹಾಗಾದರೆ ಸ್ವಾತಿ ಸೂರ್ಯನ 1.08 ಪಟ್ಟು ಎಂದು ಹೇಗೆ ಹೇಳಿದರು? ರೋಹಿತದ ಗೆರೆಗಳ ದಪ್ಪ, ಆಕಾರ ನೋಡಿ ಮೇಲ್ಮೈಯ ಸೆಳೆತ ತಿಳಿಯುತ್ತಾರೆ. ಗಾತ್ರವನ್ನು ಬೇರೆಯಾಗಿ ಅಳೆಯುತ್ತಾರೆ. 1920ರಲ್ಲಿ ಅಮೆರಿಕದ ಮೌಂಟ್ ವಿಲ್ಸನ್‌ನಲ್ಲಿ ಮೈಕೆಲ್‌ಸನ್ ಮತ್ತು ಪೀಸ್ ಮೊದಲ ಬಾರಿಗೆ ಆರ್ದ್ರಾ ನಕ್ಷತ್ರದ ಅಗಲ ಅಳೆದರು. ಅದೇ ಉಪಕರಣದಿಂದ ಮುಂದೆ ಸ್ವಾತಿಯನ್ನೂ ಅಳೆದರು. ಸೆಳೆತ ಮತ್ತು ಗಾತ್ರ ಎರಡೂ ಗೊತ್ತಿದ್ದರೆ ತೂಕ ಬರುತ್ತದೆ.

ಈಗ ಇನ್ನೊಂದು ಒಳ್ಳೆಯ ದಾರಿ ಇದೆ. ಮೇಲೆ ಹೇಳಿದ ಅದೇ ಕಂಪನ! ಗ್ರಹ ಹುಡುಕುವವರಿಗೆ ತೊಡಕಾದದ್ದು ಇಲ್ಲಿ ಕೈಹಿಡಿಯುತ್ತದೆ. ಮದ್ದಳೆಯ ಶ್ರುತಿ ಕೇಳಿಯೇ ಬಿಗಿ ಇದೆಯೋ ಸಡಿಲ ಇದೆಯೋ ಎಂದು ನುಡಿಸುವವರು ಹೇಳುತ್ತಾರೆ. ನಕ್ಷತ್ರದ ಕಂಪನವೂ ಹಾಗೆ ಅದರ ಒಡಲಿನ ವಿಷಯ ಹೇಳುತ್ತದೆ. 2009ರಲ್ಲಿ ಹಾರಿದ ಕೆಪ್ಲರ್ ದೂರದರ್ಶಕ ಸಾವಿರಾರು ಕೆಂಪು ದೈತ್ಯಗಳ ಬೆಳಕನ್ನು ವರ್ಷಗಟ್ಟಲೆ ಬಿಡದೆ ನೋಡಿತು. ಬರೀ ಗೋಲದ ಬೆಳಕು ನೋಡಿದರೆ ಎರಡು ದೈತ್ಯಗಳು ಒಂದೇ ಥರ ಕಾಣಬಹುದು. ಒಂದರಲ್ಲಿ ಇನ್ನೂ ಹೈಡ್ರೋಜನ್ ಪದರ ಮಾತ್ರ ಉರಿಯುತ್ತಿರಬಹುದು. ಇನ್ನೊಂದರ ತಿರುಳಿನಲ್ಲಿ ಹೀಲಿಯಂ ಹೊತ್ತಿಕೊಂಡಿರಬಹುದು. ಕಂಪನ ಕೇಳಿ ಇವೆರಡನ್ನು ಬೇರೆ ಮಾಡಬಹುದು ಎಂದು 2011ರಲ್ಲಿ ಗೊತ್ತಾಯಿತು. ಮರುವರ್ಷ ಇನ್ನೊಂದು ವಿಷಯ. ಇಂಥ ದೈತ್ಯಗಳ ತಿರುಳು ಹೊರಮೈಗಿಂತ ಹತ್ತು ಪಟ್ಟಾದರೂ ವೇಗವಾಗಿ ತಿರುಗುತ್ತದೆ. ಧಿಗಿಣದ ಲೆಕ್ಕವೇ. ಹೊರಗೆ ಕೈ ಚಾಚಿದೆ, ಒಳಗೆ ಕೈ ಎಳೆದುಕೊಂಡಿದೆ.

ಸೂರ್ಯನ ವಿಷಯಕ್ಕೆ ಬರೋಣ. ಹೌದು, ಸೂರ್ಯನೂ ಹೀಗೇ ಆಗುತ್ತಾನೆ. ಸುಮಾರು 500 ಕೋಟಿ ವರ್ಷದ ನಂತರ ತಿರುಳಿನ ಹೈಡ್ರೋಜನ್ ಮುಗಿಯುತ್ತದೆ. ಮೆಲ್ಲ ಮೆಲ್ಲ ಹಿಗ್ಗಿ ಒಂದು ಹಂತದಲ್ಲಿ ಇವತ್ತಿನ ಸ್ವಾತಿಯಷ್ಟಾಗುತ್ತಾನೆ. ಬೇಕಲ ಕೋಟೆಯ ಮೇಲೆ ನಿಂತು ಸೂರ್ಯಾಸ್ತ ನೋಡಿದ್ದೀರಲ್ವಾ? ಕೆಳ ಅಂಚು ನೀರಿಗೆ ತಾಗಿದ ಮೇಲೆ ಪೂರ್ತಿ ಮುಳುಗಲು ಎರಡು ನಿಮಿಷದ ಮೇಲೆ ಸ್ವಲ್ಪ ಹೊತ್ತು ಸಾಕು. ಭೂಮಿ ಇದೇ ಜಾಗದಲ್ಲಿ ಇದೇ ವೇಗದಲ್ಲಿ ತಿರುಗುತ್ತಿದ್ದರೆ ಸ್ವಾತಿಯಷ್ಟು ದೊಡ್ಡ ಸೂರ್ಯ ಮುಳುಗಲು ಹತ್ತಿರ ಹತ್ತಿರ ಒಂದು ಗಂಟೆ ಬೇಕು. ಕೈ ಚಾಚಿ ಮುಷ್ಟಿ ಹಿಡಿದರೂ ಅದನ್ನು ಪೂರ್ತಿ ಮುಚ್ಚಲಾಗದು. ಆದರೆ ಮುಳುಗಲು ಸಮುದ್ರ ಇರುವುದಿಲ್ಲ. ಇನ್ನು 100 ಕೋಟಿ ವರ್ಷದಲ್ಲೇ ಸೂರ್ಯನ ಬೆಳಕು ಹತ್ತು ಶೇಕಡಾದಷ್ಟು ಏರುತ್ತದೆ. ನೀರು ಉಳಿಯುವುದು ಆಗಲೇ ಕಷ್ಟ.

ಸುಮಾರು 760 ಕೋಟಿ ವರ್ಷದ ನಂತರ ಸೂರ್ಯ ಈಗಿನ 250 ಪಟ್ಟು ಹಿಗ್ಗುತ್ತಾನೆ. ಬುಧ, ಶುಕ್ರ ಒಳಗೆ ಹೋಗುತ್ತವೆ. ಭೂಮಿ ಈಗಿರುವುದು ಸೂರ್ಯನ ತ್ರಿಜ್ಯದ 215 ಪಟ್ಟು ದೂರದಲ್ಲಿ. ಅಷ್ಟರೊಳಗೆ ಸೂರ್ಯ ತೂಕ ಕಳೆದುಕೊಳ್ಳುವುದರಿಂದ ಭೂಮಿ ಸ್ವಲ್ಪ ಹೊರಗೆ ಸರಿಯುತ್ತದೆ. ಆದರೂ ತಪ್ಪಿಸಿಕೊಳ್ಳುವುದಿಲ್ಲ ಎಂದು 2008ರ ಒಂದು ಲೆಕ್ಕ ಹೇಳುತ್ತದೆ. ಆ ತುದಿಯಲ್ಲಿ ತಿರುಳು ಹತ್ತು ಕೋಟಿ ಡಿಗ್ರಿಗೆ ಕಾದು ಹೀಲಿಯಂ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಇಂಗಾಲ, ಆಮ್ಲಜನಕ ಹುಟ್ಟತೊಡಗುತ್ತದೆ. ಸೂರ್ಯ ಮತ್ತೆ ಕುಗ್ಗಿ ಸುಮಾರು ಹತ್ತು ಕೋಟಿ ವರ್ಷ ಶಾಂತವಾಗಿರುತ್ತಾನೆ. ಆಮೇಲೆ ಇನ್ನೊಮ್ಮೆ ಹಿಗ್ಗಿ ಹೊರಮೈಯನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತಾನೆ. ಕೊನೆಗೆ ಉಳಿಯುವುದು ಭೂಮಿಯಷ್ಟು ದೊಡ್ಡ ಬಿಳಿ ಕುಬ್ಜ. ಸ್ಫೋಟ ಇಲ್ಲ, ಗದ್ದಲ ಇಲ್ಲ. ಪಕ್ಕದಿಂದ ಅನಿಲ ಸುರಿಯುವವರು ಯಾರೂ ಇಲ್ಲವಲ್ಲ.

ಒಂದು ಎಚ್ಚರಿಕೆ. ಆರ್ದ್ರಾ, ಜ್ಯೇಷ್ಠಾ ನಕ್ಷತ್ರಗಳೂ ಕೆಂಪಗಿವೆ. ಅವನ್ನೂ ಕೆಂಪು ದೈತ್ಯ ಎಂದು ಬರೆಯುವುದನ್ನು ಕಂಡಿದ್ದೇನೆ. ಅವು ಮಹಾದೈತ್ಯಗಳು. ಸೂರ್ಯನಿಗಿಂತ ಹತ್ತು ಪಟ್ಟಿಗೂ ಹೆಚ್ಚು ತೂಕದೊಂದಿಗೆ ಹುಟ್ಟಿದವು. ವಯಸ್ಸು ಕೋಟಿ ವರ್ಷದ ಆಸುಪಾಸು ಮಾತ್ರ. ಸ್ಫೋಟಿಸಿಯೇ ಸಾಯುತ್ತವೆ. ಸ್ವಾತಿ ಆ ಜಾತಿಯದಲ್ಲ. ಮಗಳಿಗೆ ಇದನ್ನು ಹೇಳಿ, ಪರೀಕ್ಷೆಗೂ ಉಪಯೋಗಕ್ಕೆ ಬರುತ್ತದೆ.

ದೂರ ಎಷ್ಟು ಎಂದು ನೀವು ಕೇಳಲಿಲ್ಲ. ಆದರೂ ಹೇಳುತ್ತೇನೆ. ಸುಮಾರು 37 ಜ್ಯೋತಿರ್ವರ್ಷ. ಸೂರ್ಯ ನಿಮ್ಮ ಅಂಗಳದಲ್ಲಿ ಒಣಗಲು ಹಾಕಿದ ಒಂದು ಅಡಿಕೆಯಷ್ಟಿದ್ದರೆ ಸ್ವಾತಿ ಎರಡು ಅಡಿ ಅಗಲದ ಗೋಲ. ಅದನ್ನು ಇಡಬೇಕಾದ ಜಾಗ ಪೆರ್ಲದಿಂದ ಸುಮಾರು 6,200 ಕಿ.ಮೀ. ಆಚೆ. ಪಡುವಣ ಕಡಲು ದಾಟಿ, ಅರಬ್ ನಾಡು ದಾಟಿ, ಯುರೋಪಿನ ಒಳಗೆ.

ನೋಡುವುದು ಯಾವಾಗ? ಸ್ವಾತಿ ಮಳೆಯ ದಿನಗಳಲ್ಲಿ, ಅಂದರೆ ಅಕ್ಟೋಬರ್ ಕೊನೆಗೆ, ಹುಡುಕಬೇಡಿ. ಸೂರ್ಯ ಆಗ ಆಕಾಶದ ಅದೇ ಭಾಗದಲ್ಲಿ ಇರುತ್ತಾನೆ. ಆ ಮಳೆಗೆ ಆ ಹೆಸರು ಬಂದದ್ದೇ ಅದಕ್ಕೆ. ಒಳ್ಳೆಯ ಕಾಲ ಏಪ್ರಿಲ್, ಮೇ. ಏಪ್ರಿಲ್ ನಡುವಿನಲ್ಲಿ ರಾತ್ರಿ ಎಂಟೂವರೆಗೆ ಪೂರ್ವದಲ್ಲಿ, ಚೂರು ಉತ್ತರಕ್ಕೆ, ತೋಟದ ಮೇಲೆ ಎದ್ದಿರುತ್ತದೆ. ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಕೊನೆಯ ವಾರದ ಆಸುಪಾಸು, ರಾತ್ರಿ ಹತ್ತೂವರೆಗೆ ಹೆಚ್ಚು ಕಡಿಮೆ ನೆತ್ತಿಯ ಮೇಲೆ. ನಮ್ಮ ಊರಿನ ಅಕ್ಷಾಂಶ ಹನ್ನೆರಡೂವರೆ ಡಿಗ್ರಿ, ಸ್ವಾತಿಯದು ಹತ್ತೊಂಬತ್ತು. ಹಾಗಾಗಿ ನೆತ್ತಿಯಿಂದ ಬರೀ ಆರೇಳು ಡಿಗ್ರಿ ಉತ್ತರಕ್ಕೆ ಸರಿದು ಹೋಗುತ್ತದೆ. ನಾನು ಸ್ವಾತಿಯನ್ನು ಮೊದಲು ಕಂಡದ್ದು ಆಟದ ದಿನ. ಫೆಬ್ರವರಿ ತಿಂಗಳು, ಕುಂಬಳೆಯ ಹತ್ತಿರ ಗದ್ದೆಯಲ್ಲಿ ರಾತ್ರಿಯಿಡೀ ಬಯಲಾಟ. ಬೆಳಗಿನ ಜಾವ ನಾಲ್ಕೂವರೆ ಹೊತ್ತಿಗೆ ಅಪ್ಪ ನನ್ನನ್ನು ಎಬ್ಬಿಸಿ ಬದುವಿನ ಮೇಲೆ ನಿಲ್ಲಿಸಿ ನೆತ್ತಿಯ ಕಡೆ ಬೆರಳು ತೋರಿಸಿದ್ದರು. ಮುಂದೆ ಕಾಲೇಜಿನಲ್ಲಿ ವರ್ಷಗಟ್ಟಲೆ ಭೌತಶಾಸ್ತ್ರ ಪಾಠ ಮಾಡುವಾಗಲೂ ಕೆಂಪು ದೈತ್ಯ ಎಂದ ಕೂಡಲೇ ನನಗೆ ಕಾಣುತ್ತಿದ್ದದ್ದು ಆ ಬದು.

ಗುರುತಿಸಲು ಸಪ್ತರ್ಷಿಗಳನ್ನು ಹಿಡಿಯಿರಿ. ಸೌಟಿನ ಆಕಾರದಲ್ಲಿ ಹಿಡಿ ಬಾಗಿದೆಯಲ್ಲ, ಆ ಬಾಗನ್ನೇ ಮುಂದೆ ಎಳೆಯಿರಿ. ಮೊದಲು ಸಿಗುವ ಜೋರಾದ ಕಿತ್ತಳೆ ಬೆಳಕು ಸ್ವಾತಿ. ಅದೇ ಬಾಗಿನಲ್ಲಿ ಇನ್ನೂ ದಕ್ಷಿಣಕ್ಕೆ ಹೋದರೆ ನೀಲಿ ಬಿಳಿಯ ಚಿತ್ತೆ. ಎರಡನ್ನೂ ಒಂದರ ನಂತರ ಒಂದು ನೋಡಲು ಮಗಳಿಗೆ ಹೇಳಿ. ಬಣ್ಣದ ವ್ಯತ್ಯಾಸ ಆಗ ಚೆನ್ನಾಗಿ ಗೊತ್ತಾಗುತ್ತದೆ. ಅಂಗಳದ ದೀಪ ಆರಿಸಿ ಹತ್ತು ನಿಮಿಷ ಕತ್ತಲಲ್ಲಿ ನಿಲ್ಲಿ. ಮನೆಯಲ್ಲಿ ದುರ್ಬೀನು ಇದ್ದರೆ ಸ್ವಾತಿಯನ್ನು ಸ್ವಲ್ಪ ಮಸುಕಾಗುವಂತೆ ತಿರುಗಿಸಿ ನೋಡಿ. ಚುಕ್ಕಿ ಹರಡಿಕೊಂಡಾಗ ಹಣ್ಣಡಿಕೆಯ ಬಣ್ಣ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಪೊಸಡಿ ಗುಂಪೆ ಗುಡ್ಡದ ಮೇಲೆ ಹೋಗಲು ಸಾಧ್ಯವಾದರೆ ಅಮಾವಾಸ್ಯೆಯ ಆಸುಪಾಸಿನ ಒಂದು ರಾತ್ರಿ ಜೊತೆಗೆ ನಾಲ್ಕು ಜನ ಸೇರಿ ಹೋಗಿ. ಮುಂಗಾರು ಬರುವ ಮೊದಲೇ ಹೋಗಬೇಕು. ಜೂನ್ ಮೊದಲ ವಾರದಿಂದ ಮೋಡ ಬಿಡುವುದಿಲ್ಲ.